ಆರು ಮುಖದ ಬ್ಯಾಟ್‌ಮ್ಯಾನ್: ‘ಗೋಥಮ್ ನೈಟ್’ನಲ್ಲಿ ಯಾವ ಕಿರುಚಿತ್ರ ಮೊದಲು, ಯಾವುದು ಆಮೇಲೆ?

‘ಬ್ಯಾಟ್‌ಮ್ಯಾನ್: ಗೋಥಮ್ ನೈಟ್’ ಅನ್ನು ನಾನು ಮೊದಲ ಸಲ ನೋಡಿದ ರೀತಿಯೇ ಸರಿಯಿರಲಿಲ್ಲ. ರಾತ್ರಿ ಊಟ ಮುಗಿಸಿ ತಮ್ಮನೂ ನಾನೂ ಲ್ಯಾಪ್‌ಟಾಪ್ ಮುಂದೆ ಕೂತು ಆರೂ ಕಿರುಚಿತ್ರಗಳನ್ನು ಒಂದೇ ಗುಕ್ಕಿಗೆ ನುಂಗಲು ಹೊರಟಿದ್ದೆವು. ಮೂರನೆಯದು ಶುರುವಾಗುವ ಹೊತ್ತಿಗೆ ತಮ್ಮ ಗೋಡೆಗೊರಗಿ ತೂಕಡಿಸುತ್ತಿದ್ದ. “ಒಂದೊಂದರಲ್ಲಿ ಒಂದೊಂದು ಮುಖ. ಈಗ ಬಂದವನು ಅವನೇನಾ ಬೇರೆಯವನಾ ಅಂತ ಗೊತ್ತೇ ಆಗಲ್ಲ ಅಣ್ಣಾ” ಅಂದು ಮಲಗಲು ಎದ್ದುಹೋದ.

ಅವನ ದೂರು ನ್ಯಾಯವಾದದ್ದೇ. ಇದು ಒಟ್ಟು 75 ನಿಮಿಷದ ಆನಿಮೇಷನ್ ಸಂಕಲನ. ಆರು ಕಥೆ, ಆರು ಜನ ನಿರ್ದೇಶಕರು, ನಾಲ್ಕು ಸ್ಟುಡಿಯೋ. ಎಲ್ಲದರಲ್ಲೂ ಇರುವವನು ಒಬ್ಬನೇ ಬ್ರೂಸ್ ವೇಯ್ನ್, ಅಂದರೆ ಮುಖವಾಡದ ಹಿಂದಿನ ಬ್ಯಾಟ್‌ಮ್ಯಾನ್. ಆದರೆ ಒಂದರಲ್ಲಿ ಅವನು ಕಾಲೇಜು ಹುಡುಗನಂತೆ ಕಾಣುತ್ತಾನೆ, ಇನ್ನೊಂದರಲ್ಲಿ ಅಗಲ ದವಡೆಯ ಗಟ್ಟಿ ಆಳು, ಮತ್ತೊಂದರಲ್ಲಿ ಮುಖವೇ ಇಲ್ಲದ ನೆರಳು. ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳದವರು ಆಡುವುದನ್ನು ನೋಡಿ ಬೆಳೆದವರಿಗೆ ಇದೇನೂ ಹೊಸದಲ್ಲ. ಆದರೂ ಒಂದೇ ರಾತ್ರಿ ಆರು ಮೇಳ ಅಂದರೆ ಕಣ್ಣು ಸೋಲುತ್ತದೆ.

ಆಮೇಲೆ ಇದನ್ನು ಹಲವು ಸಲ ಬಿಡಿಬಿಡಿಯಾಗಿ ನೋಡಿದ್ದೇನೆ, ಅಕ್ಕನ ಮಗನಿಗೂ ತೋರಿಸಿದ್ದೇನೆ. ಈಗ ಯಾರಾದರೂ “ನೋಡಬಹುದಾ?” ಎಂದು ಕೇಳಿದರೆ, “ನಿಮಗೆ ಯಾವುದು ಬೇಕು?” ಎಂದು ನಾನೇ ತಿರುಗಿ ಕೇಳುತ್ತೇನೆ. ಆರರಲ್ಲಿ ಯಾವುದು ಯಾರಿಗೆ, ಯಾವ ಕ್ರಮದಲ್ಲಿ ನೋಡಿದರೆ ಚೆನ್ನ, ಇದರ ಬದಲು ಬೇರೇನನ್ನಾದರೂ ನೋಡುವುದೇ ಮೇಲೋ ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ಆರು ಕಥೆಗಳ ತಿರುವುಗಳನ್ನೂ ಬಿಚ್ಚಿಡುತ್ತಿದ್ದೇನೆ. ಏನೂ ತಿಳಿಯದೆ ನೋಡಬೇಕು ಎನ್ನುವವರು ‘ವರ್ಕಿಂಗ್ ಥ್ರೂ ಪೇನ್’ ಅನ್ನು ನೋಡಿ ಬಂದು ಓದಿ.

ಹಿನ್ನೆಲೆ ಎಷ್ಟು ಬೇಕು

ಹೆಚ್ಚೇನೂ ಬೇಡ. ಕ್ರಿಸ್ಟೋಫರ್ ನೋಲನ್ ಅವರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಬಂದದ್ದು 2005ರಲ್ಲಿ, ‘ದ ಡಾರ್ಕ್ ನೈಟ್’ ಬಂದದ್ದು 2008ರ ಜುಲೈ 18ಕ್ಕೆ. ಎರಡನೆಯದಕ್ಕೆ ಹತ್ತು ದಿನ ಮುಂಚೆ, ಜುಲೈ 8ರಂದು, ಈ ಸಂಕಲನ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಡಿವಿಡಿ ಮತ್ತು ಬ್ಲೂ-ರೇಯಲ್ಲಿ ಬಂತು. ಎರಡು ಸಿನಿಮಾಗಳ ನಡುವಿನ ಕಾಲದಲ್ಲಿ ಗೋಥಮ್ ನಗರದಲ್ಲಿ ಏನಾಯಿತು ಎಂಬ ಜಾಗವನ್ನು ತುಂಬುವ ಕಥೆಗಳಿವು. ಬರೆದವರು ಅಮೆರಿಕದವರು. ಚಿತ್ರಿಸಿದ್ದು ಜಪಾನಿನ ಸ್ಟುಡಿಯೋ 4 ಡಿಗ್ರಿ ಸಿ, ಪ್ರೊಡಕ್ಷನ್ ಐಜಿ, ಬೀ ಟ್ರೇನ್ ಮತ್ತು ಮ್ಯಾಡ್‌ಹೌಸ್. ಮೊದಲ ಮತ್ತು ಐದನೆಯ ಕಥೆ 4 ಡಿಗ್ರಿ ಸಿಯವರದ್ದು, ನಾಲ್ಕನೆಯದೂ ಆರನೆಯದೂ ಮ್ಯಾಡ್‌ಹೌಸ್‌ನದ್ದು.

ನೋಲನ್ ಸಿನಿಮಾ ನೋಡಿಲ್ಲದವರಿಗೂ ಕಥೆ ತಿಳಿಯುತ್ತದೆ. ಬಾಲಕನಾಗಿದ್ದಾಗ ಕಣ್ಣೆದುರೇ ಅಪ್ಪ ಅಮ್ಮ ಗುಂಡೇಟಿಗೆ ಬಲಿಯಾದರು, ಅಂದಿನಿಂದ ಇವನು ಬಂದೂಕು ಬಳಸುವುದಿಲ್ಲ, ಕೊಲ್ಲುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಇಷ್ಟನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ಸಂಕಲನದ ಜೀವ ಇರುವುದೇ ಅಲ್ಲಿ. ನಾನು ಇದನ್ನು ಮೂರನೆಯ ಸಲ ನೋಡುವಾಗ ಗಮನಕ್ಕೆ ಬಂದದ್ದು: ಆರರಲ್ಲಿ ನಾಲ್ಕು ಕಥೆಗಳು ನಿಂತಿರುವುದು ಗುಂಡಿನ ಮೇಲೆಯೇ. ಎರಡನೆಯದರಲ್ಲಿ ಎರಡು ಗ್ಯಾಂಗುಗಳ ಗುಂಡಿನ ಮಳೆ. ಮೂರನೆಯದರಲ್ಲಿ ಗುಂಡನ್ನೇ ಬೇರೆಡೆಗೆ ತಿರುಗಿಸುವ ಯಂತ್ರ. ಐದನೆಯದರಲ್ಲಿ ಹೊಟ್ಟೆಗೆ ಬಿದ್ದ ಗುಂಡು. ಆರನೆಯದರಲ್ಲಿ ಗುರಿ ತಪ್ಪದ ಬಾಡಿಗೆ ಕೊಲೆಗಾರ. ಈ ಎಳೆ ಹಿಡಿದುಕೊಂಡು ನೋಡಿದರೆ ಮುಖ ಎಷ್ಟು ಸಲ ಬದಲಾದರೂ ಮನುಷ್ಯ ಕೈತಪ್ಪುವುದಿಲ್ಲ.

ಒಂದನ್ನೇ ನೋಡುವುದಾದರೆ

ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲ, ಒಂದೇ ಒಂದು ನೋಡುತ್ತೇನೆ ಎನ್ನುವವರಿಗೆ ನಾನು ಯೋಚಿಸದೆ ಹೇಳುವುದು ಐದನೆಯದನ್ನು, ‘ವರ್ಕಿಂಗ್ ಥ್ರೂ ಪೇನ್’ ಅನ್ನು. ಬರೆದವರು ಬ್ರಯನ್ ಅಜ್ಜರೆಲ್ಲೊ, ನಿರ್ದೇಶನ ತೋಶಿಯುಕಿ ಕುಬೊಓಕಾ. ಮುಂದೆ ‘ಬರ್ಸರ್ಕ್’ ಎಂಬ ಜಪಾನಿ ಕಾಮಿಕ್ಸ್ ಕಥೆಯನ್ನು ಇದೇ ಸ್ಟುಡಿಯೋಗೆ ಮೂರು ಸಿನಿಮಾಗಳಾಗಿ ಮಾಡಿದವರು ಇವರೇ.

ಬ್ಯಾಟ್‌ಮ್ಯಾನ್ ನೆಲದಡಿಯ ಚರಂಡಿಯಲ್ಲಿದ್ದಾನೆ. ಭ್ರಮೆ ಹಿಡಿದವನೊಬ್ಬ ಹಾರಿಸಿದ ಗುಂಡು ಹೊಟ್ಟೆಗೆ ಬಿದ್ದಿದೆ. ರಕ್ತ ನಿಲ್ಲಿಸಲು ಗಾಯವನ್ನು ತಾನೇ ಸುಟ್ಟುಕೊಳ್ಳುತ್ತಾನೆ. ಅಲ್ಲಿಂದ ಮೇಲೆ ಬರಬೇಕು. ಹೊರಗಿನ ಕಥೆ ಅಷ್ಟೇ. ಒಂದೊಂದು ಹೆಜ್ಜೆಗೂ ಹಳೆಯ ನೆನಪು ಬಿಚ್ಚುತ್ತದೆ: ನೋವನ್ನು ಗೆಲ್ಲುವುದು ಹೇಗೆಂದು ಕಲಿಯಲು ಅವನು ಭಾರತಕ್ಕೆ ಬಂದ ದಿನಗಳು. ಅಲ್ಲಿ ಕಲಿಸುವವಳು ಕಸಾಂಡ್ರಾ ಎಂಬ ಹೆಂಗಸು. ಗಂಡು ವೇಷ ಹಾಕಿ ಫಕೀರರ ಬಳಿ ವಿದ್ಯೆ ಕಲಿತಳೆಂದು ಊರು ಅವಳನ್ನು ಹೊರಗಿಟ್ಟಿದೆ.

ನಮ್ಮ ದೇಶದ ನೋಡುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಊರು ಯಾವ ಊರೂ ಅಲ್ಲ. ಹೊರಗಿನವರು ಬಹಳ ಕಾಲದಿಂದ ಕಲ್ಪಿಸಿಕೊಂಡು ಬಂದ ಫಕೀರರ ಭಾರತ ಅದು. ಕಸಾಂಡ್ರಾ ಎಂಬ ಹೆಸರೂ ನಮ್ಮದಲ್ಲ, ಗ್ರೀಕರದ್ದು. ಮೊದಲ ಸಲ ನೋಡಿದಾಗ ನನಗೆ ಇದು ಚುಚ್ಚಿತ್ತು, ಈಗಲೂ ಚುಚ್ಚುತ್ತದೆ. ಆದರೆ ಆ ಪಾತ್ರವನ್ನು ಬರೆದ ಬಗೆಯಲ್ಲಿ ತೂಕವಿದೆ. ಅವಳು ಬ್ರೂಸ್‌ನ ಮಂತ್ರದಂಡವಾಗುವುದಿಲ್ಲ, ಪ್ರೇಯಸಿಯೂ ಆಗುವುದಿಲ್ಲ. ಅವಳನ್ನು ಕಾಡಲು ಬಂದ ಪುಂಡ ಹುಡುಗರನ್ನು ಬ್ರೂಸ್ ಹೊಡೆದೋಡಿಸಿದ ಮೇಲೆ ಅವಳು ಅವನನ್ನು ಹೊಗಳದೆ ಹೊರಡು ಎನ್ನುತ್ತಾಳೆ. ನಿನ್ನ ನೋವು ನಾನು ಕಳೆಯಬಲ್ಲ ನೋವಲ್ಲ, ಅದು ನೀನೇ ಹಿಡಿದ ದಾರಿ ಎಂಬ ಅರ್ಥದಲ್ಲಿ ಮಾತಾಡುತ್ತಾಳೆ. ಅವಳಿಗೆ ದನಿ ಕೊಟ್ಟವರು ಭಾರತೀಯ ಮೂಲದ ಬ್ರಿಟಿಷ್ ನಟಿ ಪರ್ಮಿಂದರ್ ನಾಗ್ರಾ. ಆ ದನಿಯಲ್ಲಿ ಕರುಣೆಯೂ ಇದೆ, ಸಾಕಪ್ಪ ಎನ್ನುವ ದಣಿವೂ ಇದೆ.

ಇನ್ನು ಕೊನೆಯ ದೃಶ್ಯ. ಬ್ಯಾಟ್‌ಮ್ಯಾನ್ ತೆವಳಿಕೊಂಡು ಬೆಳಕು ಕಾಣುವ ಜಾಗಕ್ಕೆ ಬಂದಿದ್ದಾನೆ. ಕೈ ಕಸದ ರಾಶಿಗೆ ತಾಗುತ್ತದೆ. ಒಂದು ಬಂದೂಕು ಸಿಗುತ್ತದೆ. ತೆಗೆಯುತ್ತಾನೆ. ಅದರ ಕೆಳಗೆ ಇನ್ನೊಂದು. ಅದನ್ನೂ ಎತ್ತುತ್ತಾನೆ. ಊರಿನವರು ಬಳಸಿ ಬಿಸಾಡಿದ ಬಂದೂಕುಗಳು ಒಂದಾದ ಮೇಲೊಂದು ಬರುತ್ತಲೇ ಇವೆ. ಇವನು ಒಂದನ್ನೂ ಬಿಡದೆ ಎದೆಗೆ ಅವಚಿಕೊಳ್ಳುತ್ತಾನೆ. ಅಷ್ಟರಲ್ಲಿ ಅವನನ್ನು ಹುಡುಕುತ್ತಾ ಬಂದ ಮನೆಯ ಬಟ್ಲರ್ ಆಲ್‌ಫ್ರೆಡ್ ಮೇಲಿನಿಂದ ಕೈ ಚಾಚಿ, ನಿಮ್ಮ ಕೈ ಕೊಡಿ ಎನ್ನುತ್ತಾನೆ. ಎರಡು ತೋಳಿನ ತುಂಬ ಬಂದೂಕು ಹೊತ್ತವನು ತಲೆಯೆತ್ತಿ ನೋಡಿ, ಆಗುವುದಿಲ್ಲ ಎನ್ನುತ್ತಾನೆ.

ಅಲ್ಲಿಗೆ ಮುಗಿಯುತ್ತದೆ. ಹಿನ್ನೆಲೆಯಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ಬ್ಯಾಟ್‌ಮ್ಯಾನ್ ಯಾರು ಎಂದು ಹೇಳಲು ಗಂಟೆಗಟ್ಟಲೆ ಸಿನಿಮಾಗಳು ಪಡುವ ಪಾಡನ್ನು ಆ ಒಂದು ಚೌಕಟ್ಟು ಸಲೀಸಾಗಿ ಮಾಡಿಬಿಡುತ್ತದೆ. ಆರು ಕಥೆಗಳಲ್ಲಿ ನಾನು ಹೃದಯದಲ್ಲಿಟ್ಟುಕೊಂಡಿರುವುದು ಇದನ್ನೇ.

ಆನಿಮೆಯ (ಜಪಾನಿ ಆನಿಮೇಷನ್‌ನ) ಗೆರೆಗಾಗಿ ನೋಡುವವರಿಗೆ

ನಿಮಗೆ ಕಥೆಗಿಂತ ಚಿತ್ರದ ಬಗೆ ಮುಖ್ಯವೇ? ಹಾಗಿದ್ದರೆ ಮೊದಲನೆಯದು, ‘ಹ್ಯಾವ್ ಐ ಗಾಟ್ ಎ ಸ್ಟೋರಿ ಫಾರ್ ಯೂ’. ನಿರ್ದೇಶಕ ಶೋಜಿರೊ ನಿಶಿಮಿ, 2006ರ ‘ಟೆಕ್ಕಾನ್‌ಕಿಂಕ್ರೀಟ್’ ಚಿತ್ರದ ಪಾತ್ರಗಳನ್ನು ರೂಪಿಸಿದವರು. ಆ ಚಿತ್ರ ನೋಡಿದ್ದವರಿಗೆ ಇಲ್ಲಿನ ಮೊದಲ ನಿಮಿಷದಲ್ಲೇ ಕೈಗುರುತು ಸಿಗುತ್ತದೆ. ಉದ್ದುದ್ದ ಕೈಕಾಲಿನ, ಸೊಟ್ಟ ಮುಖದ ಮಕ್ಕಳು, ಮಸಿ ಹತ್ತಿದ ಗೋಡೆಗಳು, ಹಗಲಿನಲ್ಲೂ ಮಂಕಾದ ಆಕಾಶ.

ನಾಲ್ವರು ಸ್ಕೇಟ್‌ಬೋರ್ಡ್ ಹುಡುಗರು ಸೇರುತ್ತಾರೆ. ಅವರಲ್ಲಿ ಮೂವರು ಅದೇ ದಿನ ಬ್ಯಾಟ್‌ಮ್ಯಾನ್‌ನನ್ನು ಕಂಡಿದ್ದಾರೆ. ಒಬ್ಬರಿಗೆ ಅವನು ಹೊಗೆಯಂತೆ ಕರಗಿ ಮತ್ತೆ ಮೂಡುವ ನೆರಳು. ಇನ್ನೊಬ್ಬರಿಗೆ ರೆಕ್ಕೆ ಬಡಿಯುವ, ಕೋರೆಹಲ್ಲಿನ ಬಾವಲಿ ಜೀವಿ. ಮೂರನೆಯವರಿಗೆ ಕಬ್ಬಿಣದ ರೋಬೋ. ಎದುರಾಳಿ ಮಾತ್ರ ಮೂರರಲ್ಲೂ ಒಬ್ಬನೇ, ಕಪ್ಪು ಉಡುಪಿನ ಕಳ್ಳ. ಇದರಲ್ಲೊಂದು ಜಾಣತನವಿದೆ. ಮೂರೂ ಒಂದೇ ಕಾಳಗದ ತುಂಡುಗಳು, ಆದರೆ ಹೇಳುವುದು ಹಿಂದುಮುಂದಾಗಿ. ಕೊನೆಗೆ ನಡೆದದ್ದು ಮೊದಲು ಬರುತ್ತದೆ, ಮೊದಲು ನಡೆದದ್ದು ಕೊನೆಗೆ. ಹೀಗೆ ಮಕ್ಕಳ ಮಾತು ನಡೆಯುತ್ತಿರುವಾಗಲೇ ಕಾಳಗ ಅವರಿದ್ದಲ್ಲಿಗೇ ಬಂದುಬೀಳುತ್ತದೆ. ನಾಲ್ಕನೆಯ ಹುಡುಗನ ಕಣ್ಣಿಗೆ ಕಾಣುವವನು ಗಾಯಗೊಂಡು ಏದುಸಿರು ಬಿಡುವ ಮನುಷ್ಯ.

ಅಕ್ಕನ ಮಗನಿಗೆ ಇದನ್ನು ತೋರಿಸಿದಾಗ ಅವನಿಗೆ ಹನ್ನೆರಡು. ರೋಬೋ ಬಂದ ಕೂಡಲೇ ನಿಲ್ಲಿಸು ಎಂದು ನನ್ನ ಕೈ ಹಿಡಿದ.

“ಮಾವ, ಇವರಲ್ಲಿ ಯಾರು ನಿಜ ಹೇಳ್ತಿದಾರೆ?”

“ಮೂರೂ ಜನ ತಾವು ಕಂಡದ್ದನ್ನೇ ಹೇಳ್ತಿದಾರೆ ಪುಟ್ಟಾ.”

“ಹಂಗಾದ್ರೆ ಹೆದರಿಕೊಂಡು ನೋಡಿದಾರೆ” ಅಂದ.

ಅಷ್ಟು ಚಿಕ್ಕ ಮಾತಿನಲ್ಲಿ ಅವನು ಇಡೀ ಕಿರುಚಿತ್ರವನ್ನು ಹಿಡಿದಿದ್ದ. ನನಗೆ ಹೊಳೆಯಲು ಎರಡು ಸಲ ನೋಡಬೇಕಾಗಿತ್ತು.

ಮಕ್ಕಳು ಬ್ಯಾಟ್‌ಮ್ಯಾನ್‌ನನ್ನು ಬೇರೆ ಬೇರೆಯಾಗಿ ಬಣ್ಣಿಸುವ ಕಥೆ ಇದೇ ಮೊದಲಲ್ಲ. 1973ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ 250ನೇ ಸಂಚಿಕೆಯಲ್ಲಿ ಫ್ರ್ಯಾಂಕ್ ರಾಬಿನ್ಸ್ ಇದನ್ನು ಬರೆದಿದ್ದರು. 1998ರಲ್ಲಿ ಟಿವಿ ಸರಣಿಯ ‘ಲೆಜೆಂಡ್ಸ್ ಆಫ್ ದ ಡಾರ್ಕ್ ನೈಟ್’ ಎಂಬ ಕಂತಿನಲ್ಲೂ ಬಂತು. ಟಿವಿ ಕಂತು ಹೆಚ್ಚು ಲವಲವಿಕೆಯದ್ದು. ಅಲ್ಲಿನ ಒಂದು ಕಥೆ 1950ರ ಕಾಲದ ಕಾಮಿಕ್ಸ್ ಶೈಲಿಯಲ್ಲಿದ್ದರೆ ಇನ್ನೊಂದು ಫ್ರ್ಯಾಂಕ್ ಮಿಲ್ಲರ್ ಅವರ ಮುದಿ, ಒರಟು ಬ್ಯಾಟ್‌ಮ್ಯಾನ್‌ನ ಶೈಲಿಯಲ್ಲಿದೆ. ಕಾಮಿಕ್ಸ್ ಓದಿ ಬೆಳೆದವರು ಆ ಕಂತನ್ನು ಆರಿಸಿಕೊಳ್ಳಲಿ, ಒಂದೊಂದು ಗೆರೆಯ ಹಿಂದಿನ ಕೈ ಯಾರದ್ದೆಂದು ಗುರುತಿಸುವ ಸಂತೋಷ ಅವರಿಗೆ ಸಿಗುತ್ತದೆ. ಕಾಮಿಕ್ಸ್ ಓದಿಲ್ಲದವರಿಗೆ ನಿಶಿಮಿ ಅವರದ್ದೇ ಸರಿ. ಇಲ್ಲಿನ ಮೂರು ರೂಪಗಳು ಯಾವ ಹಳೆಯ ಪುಸ್ತಕದಿಂದಲೂ ಎದ್ದುಬಂದವಲ್ಲ, ಬೆದರಿದ ಕಣ್ಣಿನಿಂದ ಹುಟ್ಟಿದವು.

ನೋಲನ್ ಸಿನಿಮಾದ ರುಚಿ ಬೇಕೆನ್ನುವವರಿಗೆ

ಎರಡನೆಯ ‘ಕ್ರಾಸ್‌ಫೈರ್’ ಮತ್ತು ಮೂರನೆಯ ‘ಫೀಲ್ಡ್ ಟೆಸ್ಟ್’ ನಡುವೆ ನೀವು ಆರಿಸಬೇಕಾಗುತ್ತದೆ. ಎರಡೂ ಒಂದೇ ಗ್ಯಾಂಗ್ ಜಗಳದ ಸುತ್ತ ಇವೆ. ಒಂದು ಕಡೆ ಸಾಲ್ ಮರೋನಿ, ಇನ್ನೊಂದು ಕಡೆ ‘ರಷ್ಯನ್’ ಎಂದಷ್ಟೇ ಕರೆಸಿಕೊಳ್ಳುವ ಡಾನ್.

‘ಕ್ರಾಸ್‌ಫೈರ್’ ಪೊಲೀಸರ ಕಥೆ. ಕ್ರಿಸ್ಪಸ್ ಆಲನ್, ಆನಾ ರಮಿರೆಜ್ ಎಂಬ ಇಬ್ಬರು ಪತ್ತೇದಾರಿ ಅಧಿಕಾರಿಗಳು ಸಿಕ್ಕಿಬಿದ್ದ ಕೈದಿಯೊಬ್ಬನನ್ನು ಗೋಥಮ್‌ನ ಹುಚ್ಚಾಸ್ಪತ್ರೆ ಆರ್ಕಮ್‌ಗೆ ಒಯ್ಯುತ್ತಾರೆ. ಮುಖವಾಡದವನೊಬ್ಬನ ಚಾಕರಿ ನಾವೇಕೆ ಮಾಡಬೇಕು ಎಂದು ಆಲನ್‌ಗೆ ಸಿಟ್ಟು, ಕೆಲಸವನ್ನೇ ಬಿಡುವ ಯೋಚನೆ. ರಮಿರೆಜ್‌ಗೆ ಬ್ಯಾಟ್‌ಮ್ಯಾನ್ ಮೇಲೆ ನಂಬಿಕೆ. ಬರೆದ ಗ್ರೆಗ್ ರಕಾ ಅವರು ‘ಗೋಥಮ್ ಸೆಂಟ್ರಲ್’ ಎಂಬ ಪೊಲೀಸ್ ಕಾಮಿಕ್ಸ್‌ನ ಲೇಖಕರಲ್ಲಿ ಒಬ್ಬರು, ಹಾಗಾಗಿ ಕಾರಿನೊಳಗಿನ ಮಾತುಕತೆ ನಿಜವಾದ ಸಹೋದ್ಯೋಗಿಗಳ ಜಗಳದಂತೆ ಕೇಳಿಸುತ್ತದೆ. ಬೆಂಕಿಯ ನಡುವಿನಿಂದ ಬ್ಯಾಟ್‌ಮ್ಯಾನ್ ನಡೆದುಬರುವ ದೃಶ್ಯವನ್ನು ಪ್ರೊಡಕ್ಷನ್ ಐಜಿಯವರು ತಿದ್ದಿತೀಡಿ ಮಾಡಿದ್ದಾರೆ. ನನಗಿರುವ ಕೊರತೆ ಒಂದೇ. ಆಲನ್‌ನ ಸಂಶಯಕ್ಕೆ ಒಳ್ಳೆಯ ಕಾರಣಗಳಿದ್ದವು, ಅವನ್ನು ಒಂದು ಹೊಡೆದಾಟದಲ್ಲಿ ಮುಗಿಸಿಬಿಟ್ಟರು. ಹನ್ನೆರಡು ನಿಮಿಷದಲ್ಲಿ ಒಬ್ಬ ಮನುಷ್ಯ ಮನಸ್ಸು ಬದಲಿಸುವುದನ್ನು ನಂಬಿಸಲು ಇನ್ನಷ್ಟು ಬೇಕಿತ್ತು.

‘ಫೀಲ್ಡ್ ಟೆಸ್ಟ್’ ನೋಡಲು ಅಷ್ಟು ಹಿತವಲ್ಲ. ಬೀ ಟ್ರೇನ್‌ನವರು ಬ್ರೂಸ್‌ಗೆ ನುಣುಪು ಮುಖದ, ಇಳಿಬಿದ್ದ ಕೂದಲಿನ ಹದಿಹರೆಯದವನ ರೂಪ ಕೊಟ್ಟಿದ್ದಾರೆ. ಆ ಮುಖದಿಂದ ಬ್ಯಾಟ್‌ಮ್ಯಾನ್‌ಗೆ ದನಿ ಕೊಟ್ಟ ಕೆವಿನ್ ಕಾನ್ರಾಯ್ ಅವರ ಮಾಗಿದ ದನಿ ಹೊರಟಾಗ ಎರಡೂ ಕೂಡುವುದಿಲ್ಲ. ತಮ್ಮ ತೂಕಡಿಸಿದ್ದು ಇಲ್ಲೇ.

ಆದರೂ ಎರಡರಲ್ಲಿ ಒಂದೇ ಎಂದರೆ ನಾನು ಆರಿಸುವುದು ‘ಫೀಲ್ಡ್ ಟೆಸ್ಟ್’ ಅನ್ನು. ಬ್ಯಾಟ್‌ಮ್ಯಾನ್‌ಗೆ ಸಲಕರಣೆ ಒದಗಿಸುವ ಲೂಷಿಯಸ್ ಫಾಕ್ಸ್ ಒಂದು ಉಪಕರಣ ಕೊಡುತ್ತಾನೆ. ಉಪಗ್ರಹವೊಂದರಲ್ಲಿ ಕಂಡ ದೋಷದಿಂದ ಹೊಳೆದ ಉಪಾಯ ಅದು. ವಿದ್ಯುತ್ಕಾಂತೀಯ ಬಲದಿಂದ ಸಣ್ಣ ಬಂದೂಕಿನ ಗುಂಡುಗಳನ್ನು ಮೈಗೆ ತಾಗದಂತೆ ಆಚೆ ತಿರುಗಿಸುತ್ತದೆ. ಸೂಪರ್‌ಹೀರೋಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ? ಇವನು ಅದನ್ನು ತೊಟ್ಟು ಎರಡು ಗ್ಯಾಂಗುಗಳ ನಡುವೆ ಹೋಗಿ ನಿಲ್ಲುತ್ತಾನೆ. ಒಬ್ಬ ಗುಂಡು ಹಾರಿಸುತ್ತಾನೆ. ಗುಂಡು ಇವನನ್ನು ಬಿಟ್ಟು ಪಕ್ಕಕ್ಕೆ ಹೊರಳಿ ಗ್ಯಾಂಗಿನ ಇನ್ನೊಬ್ಬನಿಗೆ ತಗಲುತ್ತದೆ. ಬಿದ್ದವನು ರೌಡಿಯೇ. ಬ್ಯಾಟ್‌ಮ್ಯಾನ್ ಜಗಳವನ್ನು ಅಲ್ಲೇ ಬಿಟ್ಟು ಅವನನ್ನು ಆಸ್ಪತ್ರೆಗೆ ಒಯ್ಯುತ್ತಾನೆ. ಆಮೇಲೆ ಉಪಕರಣವನ್ನು ಫಾಕ್ಸ್‌ಗೆ ಹಿಂದಿರುಗಿಸುತ್ತಾನೆ. ಅದು ಬೇಕಾದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಪಣಕ್ಕಿಡುವುದಾದರೆ ನನ್ನ ಪ್ರಾಣವನ್ನಷ್ಟೇ ಇಡುತ್ತೇನೆ, ಬೇರೆಯವರದ್ದನ್ನಲ್ಲ ಎಂಬುದು ಅವನ ಮಾತಿನ ಸಾರ.

ಬ್ಯಾಟ್‌ಮ್ಯಾನ್ ಗುಂಡು ತಾಗದ ಕವಚವನ್ನು ಬೇಡವೆಂದ ಈ ರಾತ್ರಿ ನೆನಪಿನಲ್ಲಿದ್ದರೆ, ಐದನೆಯ ಕಥೆಯಲ್ಲಿ ಹೊಟ್ಟೆಗೆ ಗುಂಡು ಬಿದ್ದಾಗ ಎದೆ ಧಸಕ್ ಎನ್ನುತ್ತದೆ. ಆ ಉಪಕರಣ ಮೈಮೇಲಿದ್ದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡುವ ನಮಗೆ ಅನಿಸುತ್ತದೆ.

ಉಳಿದೆರಡು

ಭಯದ ಕಥೆ ಇಷ್ಟಪಡುವವರಿಗೆ ನಾಲ್ಕನೆಯದು, ‘ಇನ್ ಡಾರ್ಕ್‌ನೆಸ್ ಡ್ವೆಲ್ಸ್’. ಕಾರ್ಡಿನಲ್ (ಕ್ಯಾಥೊಲಿಕ್ ಹಿರಿಯ ಧರ್ಮಗುರು) ಒಬ್ಬರನ್ನು ಚರ್ಚಿನಿಂದ ಎಳೆದೊಯ್ದ ಮೊಸಳೆಯಂಥ ಖಳ ಕಿಲ್ಲರ್ ಕ್ರಾಕ್, ನೆಲದಡಿಯಲ್ಲಿ ಆಟವಾಡಿಸುತ್ತಿರುವ, ಭಯವನ್ನೇ ಅಸ್ತ್ರವಾಗಿಸಿಕೊಂಡ ಖಳ ಸ್ಕೇರ್‌ಕ್ರೋ. ಯಾಸುಹಿರೊ ಅಓಕಿ ಅವರ ದಪ್ಪ ಕಪ್ಪು ನೆರಳುಗಳು, ಗಾಳಿಗೆ ಚೂರುಚೂರಾಗಿ ಹಾರುವ ಕೇಪ್ ಕಣ್ಣಿಗೆ ಹಬ್ಬ. ಬರೆದವರು ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ಗೆ ನೋಲನ್ ಜೊತೆ ಚಿತ್ರಕಥೆ ಬರೆದ ಡೇವಿಡ್ ಗೋಯರ್. ಕಥೆ ಮಾತ್ರ ತೆಳು. ಓಡು, ಹೊಡಿ, ತಪ್ಪಿಸಿಕೋ. ಐದನೆಯದಕ್ಕೆ ಮೊದಲು ನೋಡಿದರೆ ಚರಂಡಿಯ ವಾತಾವರಣ ಮನಸ್ಸಿಗೆ ಹತ್ತುತ್ತದೆ ಎಂಬುದಷ್ಟೇ ಲಾಭ.

‘ಡೆಡ್‌ಶಾಟ್’ ಎಲ್ಲಕ್ಕಿಂತ ಸಿನಿಮಾದಂತಿರುವುದು. ಜಾತ್ರೆಯ ತೊಟ್ಟಿಲಿನಂಥ ದೊಡ್ಡ ಚಕ್ರದಲ್ಲಿ ಕೂತು, ದೂರದಲ್ಲಿರುವ ಮೇಯರ್‌ನನ್ನು ಒಂದೇ ಗುಂಡಿಗೆ ಉರುಳಿಸುವ ಕೊಲೆಗಾರನ ಪರಿಚಯ, ಸುರಂಗದೊಳಗೆ ಓಡುವ ರೈಲಿನ ಮೇಲೆ ಕಾಳಗ. ನಿರ್ದೇಶಕ ಜಾಂಗ್-ಸಿಕ್ ನಾಮ್. ಬರೆದ ಆಲನ್ ಬರ್ನೆಟ್ ತೊಂಬತ್ತರ ದಶಕದ ಬ್ಯಾಟ್‌ಮ್ಯಾನ್ ಟಿವಿ ಸರಣಿಯಲ್ಲಿ ಪಳಗಿದವರು. ಇದರಲ್ಲೊಂದು ಕಡೆ ಬ್ರೂಸ್ ಬಂದೂಕನ್ನು ಕೈಯಲ್ಲಿ ಹಿಡಿದು ಅದರ ತೂಕ, ಆ ಉಕ್ಕಿನ ತಣ್ಣನೆಯ ಹಿಡಿತ ಮನುಷ್ಯರನ್ನು ಯಾಕೆ ಸೆಳೆಯುತ್ತದೆಂದು ತನಗೂ ಅರ್ಥವಾಗುತ್ತದೆ ಎನ್ನುತ್ತಾನೆ. ಬಂದೂಕನ್ನು ದ್ವೇಷಿಸುವವನ ಬಾಯಲ್ಲಿ ಈ ಮಾತು ಕೇಳಿದಾಗ ನಾನು ಎದ್ದು ಕೂತೆ. ಕೊನೆಯಲ್ಲಿ, ಅಪ್ಪ ಅಮ್ಮನಿಗೆ ತಗಲಿದ ಆ ಎರಡು ಗುಂಡುಗಳನ್ನು ತಡೆಯಲು ಜೀವಮಾನವಿಡೀ ಪ್ರಯತ್ನಿಸುತ್ತಿದ್ದೇನೆ ಎಂದು ಆಲ್‌ಫ್ರೆಡ್‌ಗೆ ಹೇಳುತ್ತಾನೆ.

ಹಾಗಾದರೆ ಕ್ರಮ?

ಡಿಸ್ಕಿನಲ್ಲಿರುವ ಕ್ರಮಕ್ಕೂ ಅರ್ಥವಿದೆ. ಒಂದನೆಯ ಕಥೆಯಲ್ಲಿ ಸಿಕ್ಕಿಬಿದ್ದವನೇ ಎರಡನೆಯದರ ಕೈದಿ. ಎರಡರ ಗ್ಯಾಂಗುಗಳು ಮೂರಕ್ಕೂ ಬರುತ್ತವೆ. ನಾಲ್ಕರ ಚರಂಡಿಯಿಂದ ಐದು ಶುರುವಾಗುತ್ತದೆ. ರಷ್ಯನ್ ಆರರಲ್ಲಿ ಮತ್ತೆ ತಲೆಹಾಕುತ್ತಾನೆ. ಬ್ಯಾಟ್‌ಮ್ಯಾನ್ ಲೋಕ ಚೆನ್ನಾಗಿ ಗೊತ್ತಿರುವವರು ಇದೇ ಕ್ರಮದಲ್ಲಿ, ಆದರೆ ಎರಡು ರಾತ್ರಿಗೆ ಹಂಚಿ ನೋಡಲಿ. ಮೂರು ಇಂದು, ಮೂರು ನಾಳೆ.

ಹೊಸಬರಿಗೆ ನನ್ನ ಸಲಹೆ ಬೇರೆ. ಮೊದಲು ಮಕ್ಕಳ ಕಥೆ, ಆಮೇಲೆ ‘ಫೀಲ್ಡ್ ಟೆಸ್ಟ್’, ಅದರ ಬೆನ್ನಿಗೇ ‘ಡೆಡ್‌ಶಾಟ್’, ಕೊನೆಗೆ ‘ವರ್ಕಿಂಗ್ ಥ್ರೂ ಪೇನ್’. ಹೀಗೆ ಮಾಡಿದರೆ ರಷ್ಯನ್ ಯಾರೆಂಬುದು ‘ಫೀಲ್ಡ್ ಟೆಸ್ಟ್’ನಲ್ಲೇ ಗೊತ್ತಾಗಿರುತ್ತದೆ, ಗುಂಡಿನ ಎಳೆ ಎಲ್ಲೂ ಕಡಿಯುವುದಿಲ್ಲ, ಮುಗಿಯುವುದೂ ಆ ಬಂದೂಕುಗಳ ರಾಶಿಯ ಮುಂದೆ. ‘ಡೆಡ್‌ಶಾಟ್’ನ ಕೊನೆಯಲ್ಲಿ ಆಕಾಶದಲ್ಲಿ ಮೂಡುವ ಬಾವಲಿ ಗುರುತು ಸಮಾಧಾನ ಕೊಡುತ್ತದೆ, ಅದಕ್ಕೇ ಸಂಕಲನಕಾರರು ಅದನ್ನು ಕೊನೆಗಿಟ್ಟಿರಬೇಕು. ಸಮಾಧಾನದಿಂದ ಮಲಗಬೇಕೆನ್ನುವವರು ಕೊನೆಯ ಎರಡನ್ನು ಅದಲುಬದಲು ಮಾಡಿಕೊಳ್ಳಬಹುದು. ನಾಲ್ಕೂ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತವೆ.

ಮುಖ ಬದಲಾದಾಗಲೆಲ್ಲ ದಾರಿ ತಪ್ಪಿತೆನಿಸಿದರೆ ದನಿಗೆ ಕಿವಿಗೊಡಿ. ಆರೂ ಕಥೆಗಳಲ್ಲಿ ಬ್ಯಾಟ್‌ಮ್ಯಾನ್‌ನ ಇಂಗ್ಲಿಷ್ ದನಿ ಕೆವಿನ್ ಕಾನ್ರಾಯ್ ಅವರದ್ದೇ. 1992ರ ಟಿವಿ ಸರಣಿಯಿಂದ ಆ ಪಾತ್ರಕ್ಕೆ ದನಿಯಾಗಿದ್ದ ಅವರು 2022ರ ನವೆಂಬರ್‌ನಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ರಾತ್ರಿ ನಾನು ಚರಂಡಿಯ ಕಥೆಯನ್ನು ಮತ್ತೆ ಹಾಕಿ, ಕಣ್ಣು ಮುಚ್ಚಿಕೊಂಡು ಬರೀ ಕೇಳಿದೆ. ಏದುಸಿರು, ಹಲ್ಲು ಕಚ್ಚಿದ ಮಾತು, ಕೊನೆಯ ಆ “ಆಗುವುದಿಲ್ಲ”.

ಇದರ ಬದಲು ಬೇರೆ ಯಾವುದು?

ಇದರ ಹತ್ತಿರದ ಬಂಧು 2003ರ ‘ದಿ ಆನಿಮೇಟ್ರಿಕ್ಸ್’. ‘ಮೇಟ್ರಿಕ್ಸ್’ ಲೋಕದ ಒಂಬತ್ತು ಕಿರುಚಿತ್ರಗಳು, ಸುಮಾರು 100 ನಿಮಿಷ. 4 ಡಿಗ್ರಿ ಸಿ ಮತ್ತು ಮ್ಯಾಡ್‌ಹೌಸ್ ಅಲ್ಲೂ ಕೆಲಸ ಮಾಡಿವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಂಕಲನವಾಗಿ ‘ಆನಿಮೇಟ್ರಿಕ್ಸ್’ ಮೇಲು. ಕಾರಣ ಸರಳ. ಅಲ್ಲಿ ಹೆಚ್ಚಿನ ಕಥೆಗಳಲ್ಲಿ ಬರುವವರೇ ಬೇರೆ ಬೇರೆ ಜನ. ಒಂದರಲ್ಲಿ ಓಟಗಾರ, ಇನ್ನೊಂದರಲ್ಲಿ ಕಳೆದುಹೋದ ಬೆಕ್ಕನ್ನು ಹುಡುಕುವ ಹುಡುಗಿ. ಜನ ಬದಲಾದಂತೆ ಗೆರೆಯೂ ಬದಲಾದರೆ ಯಾರಿಗೂ ತೊಡಕಾಗುವುದಿಲ್ಲ. ತಮ್ಮನಂಥ ನೋಡುಗರಿಗೆ ನಾನು ಕೊಡುವುದು ಅದನ್ನೇ. ಬೆಕ್ಕು ಹುಡುಕುವ ‘ಬಿಯಾಂಡ್’, ನಿರ್ದೇಶನ ಕೋಜಿ ಮೊರಿಮೊಟೊ, ಈ ಎರಡೂ ಸಂಕಲನಗಳ ಹದಿನೈದು ಕಿರುಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಆದರೆ ಒಬ್ಬನೇ ಮನುಷ್ಯನನ್ನು ಸುತ್ತಲಿಂದ ನೋಡುವ, ಅವನ ಗಾಯದೊಳಕ್ಕೆ ಇಳಿಯುವ ಅನುಭವ ಅಲ್ಲಿಲ್ಲ. ಅದಕ್ಕೆ ‘ಗೋಥಮ್ ನೈಟ್’ ಬೇಕು.

ಒಂದೇ ಕಥೆ, ಒಂದೇ ಮುಖ ಸಾಕೆನ್ನುವವರಿಗೆ 2018ರ ‘ಬ್ಯಾಟ್‌ಮ್ಯಾನ್ ನಿಂಜಾ’ ಇದೆ. ಜುನ್‌ಪೇ ಮಿಜುಸಾಕಿ ನಿರ್ದೇಶನದ ಇದರಲ್ಲಿ ಬ್ಯಾಟ್‌ಮ್ಯಾನೂ ಅವನ ವೈರಿಗಳೂ ಹಳೆಯ ಕಾಲದ ಜಪಾನಿಗೆ ಹೋಗಿಬೀಳುತ್ತಾರೆ, ಕೋಟೆಗಳು ರೋಬೋಗಳಾಗಿ ಎದ್ದು ನಿಲ್ಲುತ್ತವೆ. ಅಮೆರಿಕದವರು ಬರೆದು ಜಪಾನಿನವರು ಚಿತ್ರಿಸಿದ ಕಥೆ ‘ಗೋಥಮ್ ನೈಟ್’. ಇದು ಬರೆದದ್ದೂ ಚಿತ್ರಿಸಿದ್ದೂ ಜಪಾನಿನಲ್ಲೇ. ನೋಡುವುದಾದರೆ ಜಪಾನಿ ದನಿಯಲ್ಲೇ ನೋಡಿ. ಇಂಗ್ಲಿಷ್ ಆವೃತ್ತಿಗೆ ಮಾತುಗಳನ್ನು ಹೊಸದಾಗಿ ಬರೆಸಿದ್ದಾರೆ, ಹಾಗಾಗಿ ಎರಡೂ ಒಂದೇ ಅಲ್ಲ. ಬಣ್ಣ, ಗದ್ದಲ, ಉತ್ಸಾಹ ಬೇಕೆನಿಸಿದ ಭಾನುವಾರಕ್ಕೆ ಇದು ಸರಿ. ಮನಸ್ಸು ಕಲಕುವ ಕಥೆ ಇಲ್ಲಿ ಹುಡುಕಬೇಡಿ.

ವಾರಗಟ್ಟಲೆ ನೋಡಲು ಸರಣಿ ಬೇಕೆಂದರೆ ಮ್ಯಾಡ್‌ಹೌಸ್‌ನವರೇ 2010–11ರಲ್ಲಿ ಐರನ್ ಮ್ಯಾನ್, ವುಲ್ವರಿನ್, ಎಕ್ಸ್-ಮೆನ್, ಬ್ಲೇಡ್ ಕಥೆಗಳನ್ನು ತಲಾ 12 ಕಂತುಗಳಲ್ಲಿ ಮಾಡಿದ್ದಾರೆ. ಕಿರುಚಿತ್ರದ ಬಿಗಿ ಅವುಗಳಲ್ಲಿಲ್ಲ.

ಮಕ್ಕಳ ಜೊತೆ ಕೂರುವುದಾದರೆ

ಇದು ಕಾರ್ಟೂನ್ ಎಂದು ಚಿಕ್ಕ ಮಕ್ಕಳ ಮುಂದೆ ಹಾಕಿ ಅಡುಗೆಮನೆಗೆ ಹೋಗುವ ಚಿತ್ರವಲ್ಲ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ದರ್ಜೆ ಕೊಟ್ಟಿದ್ದಾರೆ, ಅಂದರೆ ಹದಿಮೂರರ ಕೆಳಗಿನ ಮಕ್ಕಳ ಹೆತ್ತವರಿಗೆ ಎಚ್ಚರಿಕೆ. ಕ್ರಾಕ್ ಹಲ್ಲೂರುವ ದೃಶ್ಯ, ಗಾಯ ಸುಡುವ ದೃಶ್ಯ ದೊಡ್ಡವರನ್ನೂ ಮುಖ ತಿರುಗಿಸುವಂತೆ ಮಾಡುತ್ತವೆ. ಹನ್ನೆರಡರ ಆಸುಪಾಸಿನವರಿಗೆ ಮೊದಲ ಕಥೆ, ಮೂರನೆಯ ಕಥೆ ಸಾಕು. ಅದೂ ಪಕ್ಕದಲ್ಲಿ ಕೂತು, ಅವರು ನಿಲ್ಲಿಸು ಎಂದಾಗ ನಿಲ್ಲಿಸಿ, ಕೇಳಿದ್ದಕ್ಕೆ ಉತ್ತರ ಹೇಳುತ್ತಾ.

ಅಕ್ಕನ ಮಗನಿಗೆ ಐದನೆಯದನ್ನು ನಾನಿನ್ನೂ ತೋರಿಸಿಲ್ಲ. “ಅದರಲ್ಲೇನಿದೆ ಮಾವ?” ಎಂದು ರಜೆಗೆ ಬಂದಾಗಲೆಲ್ಲ ಕೇಳುತ್ತಾನೆ. ಈ ಬೇಸಿಗೆಗೆ ಅವನಿಗೆ ಹದಿನೈದು ತುಂಬುತ್ತದೆ.